ಕೀ ಅವನ ಜೇಬಿನಲ್ಲಿ

ಜನವರಿ 8, ಗುರುವಾರ

ನಾಳೆ ಬೆಳಗ್ಗೆ ಹೊರಡುತ್ತೇವೆ, ಟ್ರೂಡಿಯ ಮನೆಗೆ. ನಮ್ಮ ಮೊಂಟಾನಾದಿಂದ ಗಡಿ ದಾಟಿ, ಕೆನಡಾದೊಳಗೆ ಮೇಲಕ್ಕೆ ಮೇಲಕ್ಕೆ ಹೋಗಿ, ಯೂಕಾನ್ ಮುಟ್ಟಬೇಕು. ಜನವರಿಯಲ್ಲಿ ಆ ಕಡೆ ಹೋಗುವವರಿಗೆ ತಲೆ ನೆಟ್ಟಗಿರುವುದಿಲ್ಲ ಎಂದು ಅಂಚೆ ಕಚೇರಿಯವಳೂ ಹೇಳಿದಳು. ಆದರೆ ಹೋಗಲೇಬೇಕಾಗಿದೆ. ಅಳಿಯ ಗ್ರೇಡಿ ಭಾನುವಾರ ವೆಂಡಲ್‌ಗೆ ಫೋನ್ ಮಾಡಿದ್ದ. ಟ್ರೂಡಿ ಮನೆ ಬಿಟ್ಟು ಹೋಗುತ್ತೇನೆಂದು ಹಟ ಹಿಡಿದಿದ್ದಾಳಂತೆ, ಬಂದು ಬುದ್ಧಿ ಹೇಳಿ ಅಂದನಂತೆ. ಗಂಡಹೆಂಡಿರ ಮಧ್ಯೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಮಗಳಿಗೆ ಅದನ್ನು ತಾಳಿಕೊಳ್ಳಲು ನಾನೇ ಕಲಿಸಲಿಲ್ಲವೇನೋ.

ಕಾರು ನನ್ನದು. ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟ ವರ್ಷ ತೆಗೆದುಕೊಂಡ ಹೈಬ್ರಿಡ್, ಪೆಟ್ರೋಲಿನ ಮೇಲೂ ಬ್ಯಾಟರಿಯ ಮೇಲೂ ಓಡುವಂಥದ್ದು. ವೆಂಡಲ್ ಅದನ್ನು ಹೊಲಿಗೆ ಮಿಷನ್ ಎನ್ನುತ್ತಾನೆ. ಅವನ ಟ್ರಕ್ಕಿನಲ್ಲೇ ಹೋಗಬಹುದಿತ್ತು, ಆದರೆ ಅವನಿಗೆ ಕಣ್ಣಿನ ಪೊರೆ ತೆಗೆಸಿ ಇನ್ನೂ ವಾರವಷ್ಟೇ ಆಗಿದೆ, ಓಡಿಸಬಾರದು ಎಂದಿದ್ದಾರೆ. ಟ್ರಕ್ಕನ್ನು ನಾನು ಮುಟ್ಟುವ ಹಾಗಿಲ್ಲ. ಹೀಗಾಗಿ ಹೊಲಿಗೆ ಮಿಷನ್ನು, ಹೀಗಾಗಿ ನಾನು.

ಕೀ ಮಾತ್ರ ಅವನ ಪ್ಯಾಂಟಿನ ಜೇಬಿನಲ್ಲೇ ಇರುತ್ತದೆ. ಈ ಕಾರಿನ ಕೀ ತೂರಿಸಿ ತಿರುಗಿಸುವಂಥದ್ದಲ್ಲ. ಕಾರಿನೊಳಗೆ ಎಲ್ಲಾದರೂ ಇದ್ದರೆ ಸಾಕು, ಗುಂಡಿ ಒತ್ತಿದರೆ ಚಾಲೂ ಆಗುತ್ತದೆ. "ಮತ್ತೆ ನನ್ನ ಹತ್ರ ಇದ್ರೆ ನಿಂಗೇನು ತೊಂದ್ರೆ?" ಎಂದ. ಅದೂ ಸರಿಯೇ. ಇನ್ನೊಂದು ಕೀ ಅಡಿಗೆಮನೆಯ ಮೊಳೆಗೆ ನೇತುಹಾಕಿದೆ.

ಕಾಫಿ ಡಬ್ಬಿ ಸಿದ್ಧ ಮಾಡಿದೆ: ಮೇಣದ ಬತ್ತಿ, ಬೆಂಕಿಪೊಟ್ಟಣ, ಚಾಕೊಲೇಟು, ಉಣ್ಣೆಯ ಕಾಲುಚೀಲ. ಹಿಮದಲ್ಲಿ ಸಿಕ್ಕಿಬಿದ್ದರೆ ಆ ಡಬ್ಬಿಯೇ ಗತಿ. ನಮ್ಮ ಕಡೆ ಅದಿಲ್ಲದೆ ಯಾರೂ ಹೊರಡುವುದಿಲ್ಲ. ವೆಂಡಲ್ ಬೂಟುಗಾಲಿನಿಂದ ಅದನ್ನು ಬದಿಗೆ ತಳ್ಳಿ, "ನಾವೇನು ಸಾಯೋಕೆ ಹೋಗ್ತಿದ್ದೀವಾ?" ಎಂದ.

ಗ್ರೇಟ್ ಫಾಲ್ಸ್‌ನಿಂದ ಅಕ್ಕ ಈನೆಜ್ ಫೋನ್ ಮಾಡಿದಳು. "ಅವನ ಜೊತೆ ಒಬ್ಳೇ ಅಷ್ಟು ದೂರ ಹೋಗ್ಬೇಡ ಕಣೇ ಆರ್ಲಿಸ್." ಅಕ್ಕನಿಗೆ ಎಲ್ಲವನ್ನೂ ದೊಡ್ಡದು ಮಾಡುವ ಚಟ. ವೆಂಡಲ್ ಒಳಗೆ ಬಂದದ್ದರಿಂದ ಫೋನ್ ಇಟ್ಟುಬಿಟ್ಟೆ.

ಮಣಿಕಟ್ಟು ಇನ್ನೂ ನೋಯುತ್ತಿದೆ. ಮೊನ್ನೆ ಬಾಗಿಲಿಗೆ ಸಿಕ್ಕಿಕೊಂಡದ್ದು. ಬಾಗಿಲು ಹಾಕಿದವನು ನೋಡಿರಲಿಲ್ಲ, ಅಷ್ಟೆ.

ಜನವರಿ 9, ಶುಕ್ರವಾರ

ಎಡ್ಮಂಟನ್ ದಾಟಿ ಒಂದು ಮೋಟೆಲಿನಲ್ಲಿದ್ದೇವೆ. ಅವನು ಹೊರಗೆ ಸಿಗರೇಟು ಸೇದುತ್ತಿದ್ದಾನೆ. ಅಷ್ಟರಲ್ಲಿ ಬರೆದು ಮುಗಿಸಬೇಕು.

ರಸ್ತೆ ಚೆನ್ನಾಗಿತ್ತು. ಇವತ್ತಿನ ರಗಳೆಯೆಲ್ಲ ಕಾರಿನ ಮೌನದ್ದು. ಹೀಟರ್ ಹಾಕಿದ್ದರೆ ಎಂಜಿನ್ ಓಡುತ್ತಲೇ ಇರುತ್ತದೆ, ಅದು ಕಾದ ಮೇಲೆ ಹೀಟರ್ ಆರಿಸಿದರೆ, ಕಾರು ನಿಂತ ಕೂಡಲೇ ಎಂಜಿನ್ನೂ ಬಾಯಿ ಮುಚ್ಚುತ್ತದೆ. ಆಗ ಅದು ಬ್ಯಾಟರಿಯ ಮೇಲೆ ಇರುತ್ತದೆ, ಪೆಡಲ್ ಒತ್ತಿದರೆ ಸುಮ್ಮನೆ ಮುಂದೆ ಜಾರುತ್ತದೆ. ವೆಂಡಲ್‌ಗೆ ಯಾವಾಗಲೂ ಸೆಕೆ. ಹೊರಗೆ ಮೂಗು ಉದುರುವ ಚಳಿಯಿದ್ದರೂ ಹೀಟರ್ ಆರಿಸಿ ಬರೀ ಅಂಗಿಯಲ್ಲಿ ಕೂರುತ್ತಾನೆ. ನಗರದ ಕೆಂಪು ದೀಪದ ಬಳಿ ಸದ್ದು ನಿಂತಿತು.

"ಕೆಡಿಸಿದ್ಯಲ್ಲ" ಎಂದ.

"ಕೆಟ್ಟಿಲ್ಲ, ಅದು ಹಾಗೇನೇ..."

ಮುಗಿಸಲು ಬಿಡಲಿಲ್ಲ. ಮೊದಲು ಡ್ಯಾಶ್‌ಬೋರ್ಡಿಗೆ ಗುದ್ದಿದ, ಆಮೇಲೆ ನನ್ನ ಹಿಂದಲೆಗೆ. ಹಣೆ ಸ್ಟಿಯರಿಂಗಿಗೆ ತಾಗಿ ಹಾರ್ನ್ ಬಡಿದುಕೊಂಡಿತು, ಪಕ್ಕದ ಕಾರಿನ ಹುಡುಗಿ ತಿರುಗಿ ನೋಡಿದಳು. ನಾನು ನಕ್ಕು ಕೈಬೀಸಿದೆ. ಹೊರಡುವ ಮೊದಲೇ ಅವನಿಗೆ ಕಾರಿನ ಸ್ವಭಾವ ವಿವರಿಸಬೇಕಿತ್ತು. ನನ್ನದೇ ತಪ್ಪು.

ಜನವರಿ 10, ಶನಿವಾರ

ಹಿಮ ಬೀಳುತ್ತಿದೆ, ಗಾಳಿಯೂ ಇದೆ. ಇವತ್ತು ಒಂದು ಹೊಸ ವಿಷಯ ಗೊತ್ತಾಯಿತು.

ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ವೆಂಡಲ್ ಸಿಗರೇಟಿಗೆಂದು ಒಳಗೆ ಹೋದ. ಕೀ ಅವನ ಜೇಬಿನಲ್ಲೇ ಹೋಯಿತು. ಕಾರು ಚಾಲೂ ಇತ್ತು. ಹಿಂದೆ ಮರದ ದಿಮ್ಮಿಯ ಲಾರಿಯವನು ಬಂದು ನಿಂತು, "ಅಜ್ಜಿ, ಸ್ವಲ್ಪ ಮುಂದೆ ಹಾಕ್ತೀರಾ?" ಎಂದ. ಬಸ್ಸಿನವಳಿಗೆ ಹಾಗೆ ಕೇಳಿದರೆ ಕೈ ತಾನಾಗಿ ಹೋಗುತ್ತದೆ. ಪೆಡಲ್ ಒತ್ತಿದೆ. ಕಾರು ಪೀಂ ಪೀಂ ಎಂದು ಕೂಗಿತು, ಕೀ ಒಳಗಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತು, ಆದರೂ ಹೋಯಿತು. ಒಮ್ಮೆ ಚಾಲೂ ಆದ ಮೇಲೆ ಕೀ ಎಲ್ಲಿದ್ದರೂ ಇದು ಕೇಳುವುದಿಲ್ಲ. ನಾವಾಗಿ ಆರಿಸುವವರೆಗೆ ಓಡುತ್ತಲೇ ಇರುತ್ತದೆ, ಆರಿಸಿದರೆ ಮಾತ್ರ ಮುಗಿಯಿತು.

ವೆಂಡಲ್ ಹೊರಗೆ ಬಂದು ಕಾರು ಇದ್ದಲ್ಲಿ ಇಲ್ಲದ್ದನ್ನು ಕಂಡ. ಒಳಗೆ ಕೂತು, ಬಾಗಿಲು ಹಾಕಿ, ನನ್ನ ತೊಡೆಯ ಚರ್ಮ ಹಿಡಿದು ತಿರುಚಿದ. ಇದು ಅವನ ಹಳೆಯ ಉಪಾಯ, ಹೊರಗಿನವರಿಗೆ ಕಾಣುವುದಿಲ್ಲ.

"ಯಾರನ್ನ ಕೇಳಿ ತೆಗೆದೆ? ಕೀ ಇಲ್ದೆ ಹೆಂಗೆ ತೆಗೆದೆ?"

"ಲಾರಿಯೋನು ತಳ್ಳಿಕೊಟ್ಟ" ಎಂದೆ.

ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ. ನಾನು ಸುಳ್ಳು ಹೇಳುವವಳಲ್ಲ.

ಜನವರಿ 11, ಭಾನುವಾರ

ಫೋರ್ಟ್ ನೆಲ್ಸನ್ ದಾಟಿ ದಾರಿಬದಿಯ ಒಂದು ಒಂಟಿ ತಂಗುದಾಣ. ಇಲ್ಲಿಂದ ಮುಂದೆ ಕಾಡು, ಮಂಜು, ರಸ್ತೆಗೆ ಅಡ್ಡ ಬರುವ ಕಾಡೆಮ್ಮೆ.

ದಾರಿಯಲ್ಲಿ ಒಂದು ವ್ಯಾನು ಚರಂಡಿಗೆ ಮಗುಚಿತ್ತು. ನಾನು ನಿಲ್ಲಿಸಿದೆ. ವೆಂಡಲ್ "ನಡಿ, ನಡಿ" ಎಂದು ನನ್ನ ಕತ್ತಿನ ಹಿಂಭಾಗ ಹಿಡಿದು ಒತ್ತುತ್ತಿದ್ದ, ಅಷ್ಟರಲ್ಲಿ ನಮ್ಮ ಹಿಂದೆ ಇನ್ನೂ ಎರಡು ಗಾಡಿ ನಿಂತವು, ಅವನು ಕೈ ತೆಗೆದ. ವ್ಯಾನಿನವನ ತಲೆ ಒಡೆದಿತ್ತು. ಹಿಮದ ಮೇಲೆ ರಕ್ತ ಬಿದ್ದಲ್ಲಿ ಹೊಗೆಯಾಡುತ್ತಿತ್ತು. ಯಾರೋ ಕಂಬಳಿ ತಂದರು, ಇನ್ನೊಬ್ಬ ರೇಡಿಯೋದಲ್ಲಿ ಕರೆದ.

ತಂಗುದಾಣದ ಯಜಮಾನಿ ಮ್ಯಾಬ್, ದಪ್ಪ ಕಾಫಿ, ದಪ್ಪ ಮಾತು. "ಈ ರಸ್ತೇಲಿ ನಿಂತಿರೋ ಗಾಡೀನ ಯಾವನಾದ್ರೂ ದಾಟ್ಕೊಂಡು ಹೋದ್ರೆ ಮುಂದಿನೂರಲ್ಲಿ ಅವನಿಗೆ ಕಾಫಿ ಕೂಡ ಹುಟ್ಟಲ್ಲ" ಎಂದಳು. "ರೇಡಿಯೋ ಎಲ್ರ ಹತ್ರಾನೂ ಇರತ್ತೆ ನೋಡಿ, ಯಾರು ನಿಂತ್ರು, ಯಾರು ನಿಲ್ಲಲಿಲ್ಲ, ಎಲ್ಲ ಗೊತ್ತಾಗತ್ತೆ." ನಾವು ಗ್ರೇಡಿಯ ಅತ್ತೆಮಾವ ಎಂದು ತಿಳಿದ ಮೇಲೆ ಕಾಫಿಗೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಗ್ರೇಡಿ ರಸ್ತೆಯ ಹಿಮ ತಳ್ಳುವ ಲಾರಿಯವನು. "ಅವನು ಹಿಮದಿಂದ ಎಳೆದು ತೆಗೆದ ಜನ ಎಷ್ಟೋ. ಚಿನ್ನದಂಥ ಹುಡುಗ."

ವೆಂಡಲ್ ನನ್ನ ಕಡೆ ನೋಡಿ, "ಕೇಳಿಸ್ಕೊಂಡ್ಯಾ?" ಎಂದ.

ಕೇಳಿಸಿಕೊಂಡೆ. ಸಮಾಧಾನವಾಯಿತು.

ಜನವರಿ 12, ಸೋಮವಾರ

ತಲುಪಿದೆವು. ಊರಿನಿಂದ ಅರ್ಧ ಗಂಟೆಯ ದೂರದಲ್ಲಿ, ಕಾಡಿನ ಅಂಚಿನಲ್ಲಿ ಮರದ ಮನೆ. ಟ್ರೂಡಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ. ಅಪ್ಪಿಕೊಂಡರೆ ಪಕ್ಕೆಲುಬು ಕೈಗೆ ಸಿಗುತ್ತದೆ, ಜೋರಾಗಿ ಅಪ್ಪಿಕೊಂಡರೆ ಉಸಿರು ಎಳೆದುಕೊಳ್ಳುತ್ತಾಳೆ.

ಗ್ರೇಡಿ ಒಳ್ಳೆಯ ಮಾತುಗಾರ. "ಬನ್ನಿ ಅತ್ತೆ, ಹೊಲಿಗೆ ಮಿಷನ್ ಮೇಲೆ ಇಲ್ಲೀವರ್ಗೂ ಬಂದ್ರಾ?" ಎಂದು ನಗಿಸಿದ. ವೆಂಡಲ್‌ನೂ ಅವನೂ ಭುಜ ಬಡಿದುಕೊಂಡರು. ಇಬ್ಬರೂ ಒಂದೇ ರೀತಿ ನಗುತ್ತಾರೆ. ಅದು ಮದುವೆಯ ದಿನ ನನಗೆ ಇಷ್ಟವಾಗಿತ್ತು.

ಜನವರಿ 13, ಮಂಗಳವಾರ

ಊಟಕ್ಕೆ ಮೂಸ್ ಜಿಂಕೆಯ ಮಾಂಸದ ಸಾರು, ಆಲೂಗೆಡ್ಡೆ. ವೆಂಡಲ್ ಟ್ರೂಡಿಗೆ ಬುದ್ಧಿ ಹೇಳಿದ. ಗಂಡಸು ಹೊರಗೆ ದುಡಿದು ಬರುತ್ತಾನೆ, ಹೆಂಗಸು ನಾಲಿಗೆ ಹಿಡಿತದಲ್ಲಿಡಬೇಕು, ನಿನ್ನ ಅಮ್ಮನನ್ನು ನೋಡು, ಇತ್ಯಾದಿ. ಟ್ರೂಡಿ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಅಮ್ಮನ್ನ ನೋಡ್ತಾನೇ ಬೆಳೆದಿದ್ದೀನಿ ಅಪ್ಪ" ಎಂದಳು.

ಗ್ರೇಡಿ ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಸಮಾಧಾನ ಮಾಡುತ್ತಾನೆ ಅಂದುಕೊಂಡೆ. ಕಿರುಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದ. ಒಣಕಡ್ಡಿ ಮುರಿದ ಸದ್ದಾಯಿತು. ಟ್ರೂಡಿ ಕೂಗಲಿಲ್ಲ. ಕೂಗಬಾರದೆಂದು ಗೊತ್ತಿರುವವಳ ಮುಖ ಅದು. ನನಗೆ ಆ ಮುಖ ಒಳಗಿನಿಂದ ಗೊತ್ತು.

ವೆಂಡಲ್ "ಆಲೂಗೆಡ್ಡೆ ಈ ಕಡೆ ಕೊಡು" ಎಂದ.

ಕೊಟ್ಟೆ.

ಜನವರಿ 14, ಬುಧವಾರ

ಮ್ಯಾಬ್‌ಳ ತಂಗುದಾಣದ ಮುಂದೆ, ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಎಂಜಿನ್ ಓಡುತ್ತಿದೆ. ಆರಿಸುವ ಹಾಗಿಲ್ಲ. ಟ್ರೂಡಿ ಹಿಂದೆ ಮಲಗಿದ್ದಾಳೆ. ಮರೆಯುವ ಮೊದಲು ನಡೆದದ್ದು ನಡೆದ ಹಾಗೆ ಬರೆದಿಡಬೇಕು.

ಬೆಳಗ್ಗೆ ಗ್ರೇಡಿ ಕೆಲಸಕ್ಕೆ ಹೋದ. ಟ್ರೂಡಿಯ ಕೈ ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು. ಊರಿನ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ವೆಂಡಲ್ ಫೋನಿನಲ್ಲಿ ಗ್ರೇಡಿಯನ್ನು ಕೇಳಿದ. "ಕರ್ಕೊಂಡ್ ಹೋಗಿ ಮಾವ, ಆದ್ರೆ ನೀವೇ ವಾಪಸ್ ಕರ್ಕೊಂಡ್ ಬರ್ಬೇಕು" ಎಂದನಂತೆ. ವೆಂಡಲ್ ಕಾವಲಿಗೆ ಬಂದ.

ದವಾಖಾನೆಯಲ್ಲಿ ಬೆರಳಿಗೆ ಪಟ್ಟಿ ಕಟ್ಟುತ್ತಾ ನರ್ಸು ಹೇಗಾಯಿತೆಂದು ಕೇಳಿದಳು. ವೆಂಡಲ್ ಬಾಗಿಲಲ್ಲೇ ನಿಂತಿದ್ದ.

"ಬಾಗಿಲಿಗೆ ಸಿಕ್ಕಿಕೊಂಡಿತು" ಎಂದಳು ಟ್ರೂಡಿ.

ನಾನು ನನ್ನ ಮಣಿಕಟ್ಟು ನೋಡಿಕೊಂಡೆ. ನಮ್ಮ ಮನೆತನಕ್ಕೆ ಬಾಗಿಲು ಆಗಿಬರುವುದಿಲ್ಲ.

ಹೆದ್ದಾರಿಗೆ ಬಂದಾಗ ಎಡಕ್ಕೆ ಹೋದರೆ ಗ್ರೇಡಿಯ ಮನೆ. ನಾನು ಬಲಕ್ಕೆ ತಿರುಗಿದೆ. ಮೊದಲೇ ಯೋಚಿಸಿದ್ದೆನೇ? ಇಲ್ಲ. ಬಲಗಡೆಯ ಸೂಚಕ ಹಾಕಿದ್ದು ಮಾತ್ರ ನೆನಪಿದೆ, ಬಸ್ಸಿನವಳ ಅಭ್ಯಾಸ. ವೆಂಡಲ್ ಹಿಮದ ಬೆಳಕಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಅವನಿಗೆ ತಿಳಿಯಲು ಬಹಳ ಹೊತ್ತು ಬೇಕಾಯಿತು.

"ಇದ್ಯಾವ ದಾರಿ?"

"ಮನೆಗೆ."

"ಯಾರ ಮನೆಗೆ?"

ಅವನು ಮೊದಲು ಹೊಡೆದದ್ದು ಕಿವಿಯ ಮೇಲೆ. ಇನ್ನೂ ಆ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಆಮೇಲೆ ಸ್ಟಿಯರಿಂಗ್ ಹಿಡಿದು ಎಳೆದ. ಕಾರು ಅಡ್ಡಡ್ಡ ಜಾರಿತು, ಟ್ರೂಡಿ ಹಿಂದಿನಿಂದ ಅವನ ಕೂದಲು ಹಿಡಿದಳು, ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ನಾನು ಬ್ರೇಕು ಮುಟ್ಟಲಿಲ್ಲ. ಜಾರುವ ಕಡೆಗೇ ಚಕ್ರ ತಿರುಗಿಸಿ, ಮಕ್ಕಳು ತುಂಬಿದ ಬಸ್ಸನ್ನು ನಿಲ್ಲಿಸುವ ಹಾಗೆ ರಸ್ತೆಯಂಚಿಗೆ ತಂದು ನಿಲ್ಲಿಸಿದೆ.

ಹೀಟರನ್ನು ಅವನೇ ಆರಿಸಿದ್ದ. ಸದ್ದು ನಿಂತುಹೋಯಿತು.

"ಸತ್ತಿತು ನಿನ್ನ ಹೊಲಿಗೆ ಮಿಷನ್" ಎಂದು ನಕ್ಕ. ಪ್ಯಾಂಟಿನ ಜೇಬು ತಟ್ಟಿಕೊಂಡ. "ಕೀ ಇಲ್ಲಿದೆ. ಈಗ ನಾನು ಓಡಿಸ್ತೀನಿ. ಇಳಿದು ಹಿಂದೆ ಕೂತ್ಕೋ. ವಾಪಸ್ ಹೋದ್ಮೇಲೆ ತಾಯಿಮಗಳು ಇಬ್ರಿಗೂ ಇದೆ."

ಅಂಗಿಯಲ್ಲೇ ಇಳಿದು, ನನ್ನನ್ನು ಹೊರಗೆಳೆಯಲು ಕಾರಿನ ಮುಂದಿನಿಂದ ಸುತ್ತಿ ಬಂದ. ಒಂದು ಕ್ಷಣ ಸರಿಯಾಗಿ ಕಾರಿನ ಎದುರಿಗಿದ್ದ, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು. ನನ್ನ ಕಾಲು ಪೆಡಲಿನ ಮೇಲಿತ್ತು. ಅದನ್ನೂ ಬರೆದಿಡುತ್ತೇನೆ. ಅವನು ದೀಪ ದಾಟಿ ಪಕ್ಕಕ್ಕೆ ಬರುವವರೆಗೂ ಕಾದೆ. ಆಮೇಲೆ ಬಾಗಿಲುಗಳಿಗೆ ಬೀಗ ಹಾಕಿ ಪೆಡಲ್ ಒತ್ತಿದೆ.

ಅವನ ಮುಖ ಮರೆಯಲಾರೆ. ಸತ್ತ ಕಾರು ಹೊರಟದ್ದನ್ನು ಅವನು ನಂಬಲಿಲ್ಲ. ಪಕ್ಕದ ಕನ್ನಡಿ ಹಿಡಿದು ನಾಲ್ಕು ಹೆಜ್ಜೆ ಓಡಿದ, ಕನ್ನಡಿ ಕಿತ್ತು ಅವನ ಕೈಗೆ ಬಂತು, ಬಿದ್ದ. ಪೀಂ ಪೀಂ ಎಂದು ಕಾರು ಕೂಗುತ್ತಲೇ ಇತ್ತು.

ಒಂದು ಕೂಗಿನಷ್ಟು ದೂರ ಹೋಗಿ ನಿಲ್ಲಿಸಿದೆ. ಟ್ರೂಡಿ ಕಿಟಕಿಯಿಂದ ಅವನ ಕೋಟು, ಟೋಪಿ, ಕೈಗವಸುಗಳನ್ನು ಎಸೆದಳು.

"ಡಬ್ಬೀನೂ ಹಾಕು" ಎಂದೆ.

"ಅದ್ಯಾಕಮ್ಮ ಅವನಿಗೆ?"

"ಹಾಕು. ನಾವು ಸಾಯ್ಸೋಕೆ ಬಂದಿಲ್ಲ."

ಅವನು ಎದ್ದು ಕೋಟಿನ ಕಡೆ ನಡೆಯುವುದನ್ನು ಒಳಗಿನ ಕನ್ನಡಿಯಲ್ಲಿ ನೋಡಿ ಹೊರಟೆ. ನಿಂತ ಗಾಡಿಯನ್ನೇ ದಾಟಿ ಹೋಗದ ರಸ್ತೆ ಇದು, ನಿಂತ ಮನುಷ್ಯನನ್ನು ಯಾರಾದರೂ ಹತ್ತಿಸಿಕೊಳ್ಳುತ್ತಾರೆ ಅಂದುಕೊಂಡೆ. ಮೊದಲು ಬರುವವನು ಗ್ರೇಡಿಯೇ ಆಗಿರುತ್ತಾನೆಂದು ಹೊಳೆಯಲಿಲ್ಲ.

ಮೊದಲು ಹಿಮದ ಗೋಡೆಯಂತೆ ಏನೋ ಎದುರಿಗೆ ಕಂಡಿತು, ಆಮೇಲೆ ಗ್ರೇಡಿಯ ಲಾರಿಯ ನೀಲಿ ದೀಪ. ಟ್ರೂಡಿ ಸೀಟಿನ ಕೆಳಗೆ ಕುಸಿದಳು. ಪ್ರಯೋಜನವಾಗಲಿಲ್ಲ. ಇಡೀ ಯೂಕಾನಿನಲ್ಲಿ ಮೊಂಟಾನಾ ನಂಬರ್ ಫಲಕದ ಹೊಲಿಗೆ ಮಿಷನ್ ಇರುವುದು ಒಂದೇ. ಅವನು ಲಾರಿಯನ್ನು ಅಡ್ಡ ಹಾಕಿದ. ಹಿಮ ತಳ್ಳುವ ಕಬ್ಬಿಣದ ಅಲಗು ರಸ್ತೆಯನ್ನು ಮುಚ್ಚಿತು. ಕೈಯಲ್ಲಿ ಅಲಗಿನ ಮಂಜು ಕುಟ್ಟುವ ಸಲಾಕೆ ಹಿಡಿದು ಇಳಿದುಬಂದ.

"ಎಲ್ಲಿಗೆ ಅತ್ತೆ?" ಎಂದ, ನಗುತ್ತಲೇ. ನಗುತ್ತಲೇ ಸಲಾಕೆ ಬೀಸಿದ. ಕಿಟಕಿಯ ಗಾಜು ನನ್ನ ಮಡಿಲಿಗೆ ಸುರಿಯಿತು. "ಆರಿಸು ಗಾಡಿ."

ನಾನು ಅಲ್ಲಾಡಲಿಲ್ಲ. ಅವನೇ ಒಳಗೆ ಕೈ ಹಾಕಿ ಆರಿಸುವ ಗುಂಡಿಯ ಕಡೆ ಚಾಚಿದ. ಆ ಗುಂಡಿ ಒತ್ತಿದರೆ ಮುಗಿಯಿತು, ಕೀ ಹಿಂದೆ ರಸ್ತೆಯಲ್ಲಿ ವೆಂಡಲ್‌ನ ಜೇಬಿನಲ್ಲಿದೆ. ಅವನ ಕೈ ನನ್ನ ಬಾಯಿಯ ಮುಂದೆಯೇ ಹಾದುಹೋಗುತ್ತಿತ್ತು. ಕಚ್ಚಿದೆ. ಬಿಡದೆ ಕಚ್ಚಿದೆ. ಅವನ ರಕ್ತ ನನ್ನ ಬಾಯಿಗೆ ಬಂತು, ನನ್ನ ರಕ್ತವೂ ಇತ್ತು, ಎರಡರ ರುಚಿಯೂ ಒಂದೇ. ಅವನು ಇನ್ನೊಂದು ಕೈಯಿಂದ ನನ್ನ ತಲೆಗೆ ಗುದ್ದುತ್ತಿದ್ದ, ನಾನು ಲೆಕ್ಕಕ್ಕೇ ಇಡಲಿಲ್ಲ. ಗುದ್ದು ತಿನ್ನುವುದು ನನಗೆ ಹೊಸದಲ್ಲ, ಕಚ್ಚಿಸಿಕೊಳ್ಳುವುದು ಅವನಿಗೆ ಹೊಸದು.

ಆಗ ಟ್ರೂಡಿಯ ದನಿ ಕೇಳಿತು, ಕಾರಿನೊಳಗಿನಿಂದಲ್ಲ, ಮೇಲಿನಿಂದ. ಯಾವಾಗಲೋ ಆ ಕಡೆಯ ಬಾಗಿಲಿನಿಂದ ಇಳಿದು ಅವನ ಲಾರಿಯನ್ನು ಹತ್ತಿದ್ದಳು. ರೇಡಿಯೋ ಹಿಡಿದಿದ್ದಳು.

"ಹೆದ್ದಾರೀಲಿ ಇರೋರೆಲ್ಲ ಕೇಳಿ. ಊರಿನ ಪೂರ್ವಕ್ಕೆ, ಹಳೇ ಜಲ್ಲಿ ಗುಂಡಿ ಹತ್ರ, ಒಬ್ಬ ಮುದುಕ ಗಾಡಿ ಇಲ್ದೆ ನಡ್ಕೊಂಡು ಹೋಗ್ತಿದ್ದಾನೆ. ಕಣ್ಣು ಸರಿಯಿಲ್ಲ. ಹತ್ರ ಇರೋದು ಗ್ರೇಡಿಯ ಲಾರಿ. ಗ್ರೇಡಿ ಇಲ್ಲೇ ಇದ್ದಾನೆ."

ನಾನು ಕಚ್ಚಿದ್ದನ್ನು ಬಿಟ್ಟೆ. ಗ್ರೇಡಿ ಕೈ ಎಳೆದುಕೊಂಡು ಹಾಗೇ ನಿಂತ. ರೇಡಿಯೋ ಒಬ್ಬೊಬ್ಬರಾಗಿ ಮಾತಾಡತೊಡಗಿತು. ಯಾವನೋ ದಿಮ್ಮಿ ಲಾರಿಯವನು, "ನಾನು ಒಂದು ಗಂಟೆ ದೂರದಲ್ಲಿದ್ದೀನಿ." ಇನ್ನೊಬ್ಬ, "ಇವತ್ತಿನ ಚಳೀಲಿ ಒಂದು ಗಂಟೆ ತಡಿಯಲ್ಲ ಮುದುಕ." ಕೊನೆಗೆ ಗ್ರೇಡಿಯ ರಸ್ತೆ ಕಚೇರಿಯ ಹೆಂಗಸು, "ಗ್ರೇಡಿ, ನೀನೇ ಹತ್ರ. ಹೊರಟ್ಯಾ?"

ಎಲ್ಲರೂ ಕಾಯುತ್ತಿದ್ದರು. ಟ್ರೂಡಿ ಕೆಳಗೆ ಇಳಿದು ರೇಡಿಯೋವನ್ನು ಅದರ ಸುರುಳಿ ತಂತಿ ಚಾಚುವಷ್ಟು ದೂರ ತಂದು ಅವನ ಕಡೆ ಹಿಡಿದಳು. ರಕ್ತ ಸುರಿಯುವ ಕೈಯಲ್ಲೇ ತೆಗೆದುಕೊಂಡ.

"ಹೊರಟೆ" ಎಂದ. ಆಮೇಲೆ ಟ್ರೂಡಿಗೆ, ಮೆಲ್ಲಗೆ, "ನಾನು ಅಲ್ಲಿಗೇ ಬರ್ತೀನಿ, ನಿಮ್ಮಮ್ಮನ ಮನೆಗೆ."

"ಬಾ" ಎಂದಳು ನನ್ನ ಮಗಳು. "ಬರೋ ಮುಂಚೆ ಇದ್ರಲ್ಲಿ ಎಲ್ರಿಗೂ ಹೇಳಿ ಬಾ, ಯಾಕೆ ಹೋಗ್ತಿದ್ದೀಯ ಅಂತ."

ಲಾರಿ ಹಿಂದೆ ಸರಿಯಿತು. ಅಲಗಿಗೂ ಹಿಮದ ದಿಬ್ಬಕ್ಕೂ ನಡುವೆ ಕಾರು ತೂರಿಸಿದೆ, ಒಂದು ಬದಿಯ ಬಣ್ಣವೆಲ್ಲ ಕೆರೆದುಹೋಯಿತು.

ಕತ್ತಲಾಗುವ ಹೊತ್ತಿಗೆ ಇಲ್ಲಿಗೆ ಬಂದೆವು. ಮ್ಯಾಬ್ ಒಡೆದ ಕಿಟಕಿ ನೋಡಿ, "ಕಲ್ಲು ಬಿತ್ತಾ?" ಎಂದಳು. ನಾನು ಹೌದು ಎನ್ನುವುದರಲ್ಲಿದ್ದೆ.

"ಗ್ರೇಡಿ" ಎಂದಳು ಟ್ರೂಡಿ.

ಮ್ಯಾಬ್ ಅವಳ ಬೆರಳು ನೋಡಿದಳು, ನನ್ನ ಬಾಯಿ ನೋಡಿದಳು. ಒಳಗೆ ಹೋಗಿ ರಟ್ಟು, ಅಂಟುಪಟ್ಟಿ ತಂದು ತಾನೇ ಕಿಟಕಿ ಮುಚ್ಚಿದಳು. ಚಾಲೂ ಇದ್ದಂತೆಯೇ ಪೆಟ್ರೋಲ್ ತುಂಬಿದಳು. ಹೋಗುವಾಗ ಒಂದು ಕಾಫಿ ಡಬ್ಬಿ ತಂದು ಹಿಂದಿನ ಸೀಟಿನಲ್ಲಿಟ್ಟಳು, ಮೇಣದ ಬತ್ತಿ, ಬೆಂಕಿಪೊಟ್ಟಣ ಎಲ್ಲ ಇತ್ತು.

ಜನವರಿ 15, ಗುರುವಾರ

ಸರದಿಯ ಮೇಲೆ ಓಡಿಸುತ್ತಿದ್ದೇವೆ. ಟ್ರೂಡಿ ಒಂದು ಕೈಯಲ್ಲೇ ಚೆನ್ನಾಗಿ ಓಡಿಸುತ್ತಾಳೆ, ತಿರುವಿನಲ್ಲಿ ಸ್ವಲ್ಪ ಅವಸರ. ಹೇಳಿದೆ. "ಬಸ್ ಅಲ್ಲಮ್ಮ ಇದು" ಎಂದಳು. ಇಬ್ಬರೂ ನಕ್ಕೆವು, ನನ್ನ ತುಟಿ ಮತ್ತೆ ಒಡೆಯಿತು.

ಗಾಜು ತೊಳೆಯುವ ನೀರು ಹೆಪ್ಪುಗಟ್ಟಿ ಮುಂದಿನ ಗಾಜೆಲ್ಲ ಕೊಳಕಾಗಿದೆ. ಪೀಂ ಪೀಂ ಸದ್ದು ಬಾಗಿಲು ತೆಗೆದಾಗಲೆಲ್ಲ ಶುರು. ಮೊದಲು ಜೀವ ತಿನ್ನುತ್ತಿತ್ತು, ಈಗ ರೂಢಿಯಾಗಿದೆ. ಪರದೆಯ ಮೇಲೆ ಇನ್ನೂ ಅದೇ: ಕೀ ಒಳಗಿಲ್ಲ, ಕೀ ಒಳಗಿಲ್ಲ. ಗೊತ್ತು ಮಹರಾಯ, ಎಂದು ಟ್ರೂಡಿ ಅದಕ್ಕೆ ಉತ್ತರ ಕೊಡುತ್ತಾಳೆ. ಹೀಟರ್ ಪೂರ್ತಿ ಹಾಕಿದ್ದೇವೆ. ಎಷ್ಟು ವರ್ಷದ ಮೇಲೆ ಕಾಲು ಬೆಚ್ಚಗಿದೆ.

ಅವಳು ಬೂಟಿನೊಳಗಿನಿಂದ ಪಾಸ್‌ಪೋರ್ಟ್ ತೆಗೆದು ಒಣಗಲಿಟ್ಟಳು.

"ಯಾವಾಗಿಂದ ಅದನ್ನ ಅಲ್ಲಿಟ್ಕೊಂಡಿದ್ದೀಯೇ?"

"ಮದುವೆ ಆದ ವರ್ಷದಿಂದ. ನೀನು ಬಂದು ಕೇಳ್ತೀಯ ಅಂತ ಕಾಯ್ತಿದ್ದೆ."



ಜನವರಿ 16, ಶುಕ್ರವಾರ

ಗಡಿಯಲ್ಲಿ ಕಾವಲಿಗೆ ಕಿರುಮೀಸೆಯ ಹುಡುಗ. ರಟ್ಟಿನ ಕಿಟಕಿ, ಕನ್ನಡಿಯಿಲ್ಲದ ಬದಿ, ನಮ್ಮಿಬ್ಬರ ಮುಖ, ಎಲ್ಲವನ್ನೂ ನೋಡಿದ.

"ಗಾಡಿ ಆರಿಸಿ ಮೇಡಂ. ಕೀ ಕೊಡಿ."

"ಆರಿಸಿದ್ರೆ ಮತ್ತೆ ಚಾಲೂ ಆಗಲ್ಲ. ಕೀ ನನ್ನ ಗಂಡನ ಹತ್ರ ಇದೆ."

"ಅವರೆಲ್ಲಿ?"

"ಬಿಟ್ಟು ಬಂದೆ."

"ಯಾಕೆ?"

ಬಾಗಿಲು ಎಂದು ಹೇಳಬಹುದಿತ್ತು, ಜಾರಿಬಿದ್ದೆ ಎನ್ನಬಹುದಿತ್ತು. ನಾಲಿಗೆಯ ಮೇಲೆ ಹತ್ತು ಸಿದ್ಧ ಉತ್ತರಗಳಿದ್ದವು, ಎಲ್ಲ ಹಳೆಯ ಪರಿಚಯದವು.

"ಹೊಡೀತಾನೆ" ಎಂದೆ. "ಮದುವೆ ಆದಾಗಿಂದ ಹೊಡೀತಾನೆ. ಇವಳ ಗಂಡನೂ ಹೊಡೀತಾನೆ. ನಾನು ಅವಳಿಗೆ ಬುದ್ಧಿ ಹೇಳೋಕೆ ಹೋಗಿದ್ದೆ."

ಹುಡುಗ ಪಾಸ್‌ಪೋರ್ಟುಗಳನ್ನು ಮಡಚಿ ಹಿಂದಕ್ಕೆ ಕೊಟ್ಟ. ಆಮೇಲೆ, "ಚಾಲೂನೇ ಇರ್ಲಿ ಮೇಡಂ" ಎಂದ. ಪೊಲೀಸರಿಗೆ ಹೇಳಬೇಕೆಂದರೆ ಒಳಗೆ ಕುರ್ಚಿ ಇದೆ, ಕಾಫಿ ಇದೆ, ಗಾಡಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಒಳಗೆ ಹೋಗಿ ಹೇಳಿದೆವು, ಮೊದಲು ಟ್ರೂಡಿ, ಆಮೇಲೆ ನಾನು. ನನ್ನದು ಮುಗಿಯಲು ಹೆಚ್ಚು ಹೊತ್ತು ಹಿಡಿಯಿತು. ಹುಡುಗ ಅಷ್ಟೂ ಹೊತ್ತು ಚಳಿಯಲ್ಲಿ ಕಾರಿನ ಪಕ್ಕ ನಿಂತಿದ್ದ.

ನಮ್ಮ ಮನೆಯ ಕಡೆಯ ರಸ್ತೆ ಬಂದಾಗ ಟ್ರೂಡಿ ನಿಧಾನ ಮಾಡಿದಳು. ಅಲ್ಲಿ ಮೊಳೆಯ ಮೇಲೆ ಇನ್ನೊಂದು ಕೀ ಇದೆ. "ಹೋಗಿ ತರ್ಲಾ?" ಎಂದಳು. ಬೇಡ ಎಂದೆ. ನೇರ ಗ್ರೇಟ್ ಫಾಲ್ಸ್‌ಗೆ ಬಂದೆವು.

ಈನೆಜ್ ಅಂಗಳಕ್ಕೆ ಚಪ್ಪಲಿಯಲ್ಲೇ ಓಡಿಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅವಳ ಕೈಯಲ್ಲಿ ಫೋನ್ ಇತ್ತು. "ಬೆಳಗ್ಗಿಂದ ಅವನೇ" ಎಂದಳು.

ತೆಗೆದುಕೊಂಡೆ. ವೆಂಡಲ್ ಗ್ರೇಡಿಯ ಮನೆಯಿಂದ ಮಾತಾಡುತ್ತಿದ್ದ. ಎರಡು ಕಿವಿಯ ತುದಿಯೂ ಚಳಿಗೆ ಕಪ್ಪಾಗಿದೆಯಂತೆ. ಗ್ರೇಡಿ ತನಗಾಗಿ ಲಾರಿ ತಿರುಗಿಸದಿದ್ದರೆ ನಾವಿಬ್ಬರೂ ಸಿಕ್ಕಿಬೀಳುತ್ತಿದ್ದೆವಂತೆ. ಒಂದಷ್ಟು ಬೈದ. ಅಷ್ಟು ದೂರದಿಂದ ಅವನ ದನಿ ಸಣ್ಣಗಿತ್ತು.

"ನೆನಪಿಟ್ಕೋ, ಕೀ ನನ್ನ ಹತ್ರ ಇದೆ" ಎಂದ ಕೊನೆಗೆ.

"ಇಟ್ಕೋ" ಎಂದು ಫೋನ್ ಇಟ್ಟೆ.

ಆಮೇಲೆ ಒಬ್ಬಳೇ ಅಂಗಳಕ್ಕೆ ಹೋಗಿ ಕಾರಿನಲ್ಲಿ ಕೂತೆ. ಎಂಜಿನ್ ಪಾಪ ಬುಧವಾರದಿಂದ ಓಡುತ್ತಲೇ ಇದೆ. ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಿದೆ. ದೀಪಗಳು ಒಂದೊಂದಾಗಿ ಆರಿದವು, ಸದ್ದೆಲ್ಲ ನಿಂತಿತು.

ಸೋಮವಾರ ಹೊಸ ಕೀ ಮಾಡಿಸಬೇಕು. ಎರಡು ಬೇಕು, ಒಂದು ಟ್ರೂಡಿಗೆ.